ಜಿಲ್ಲೆಯ ಹೆಸರು, ಕರಾವಳಿಯ ಹೊರೆ

ಸಾರ್ವಜನಿಕ ಆಸ್ಪತ್ರೆಯೊಂದರ ವ್ಯಾಪ್ತಿಯನ್ನು ಸರಕಾರದ ಆದೇಶ ನಿರ್ಧರಿಸುತ್ತದೆಯೋ, ಅದರ ಬಾಗಿಲಿಗೆ ಬಂದು ಸೇರುವ ದಾರಿಗಳು ನಿರ್ಧರಿಸುತ್ತವೆಯೋ ಎಂಬ ಪ್ರಶ್ನೆಯನ್ನು ವಿಚಾರಿಸಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗಿಂತ ತಕ್ಕ ಉದಾಹರಣೆ ಕರ್ನಾಟಕದಲ್ಲಿ ದೊರೆಯುವುದು ಕಷ್ಟ. ಆರೋಗ್ಯ ಇಲಾಖೆಯ ಕಡತಗಳಲ್ಲಿ ಅದು ದಕ್ಷಿಣ ಕನ್ನಡದ ಜಿಲ್ಲಾ ಆಸ್ಪತ್ರೆ. ಎಂದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಸಮುದಾಯ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲೂಕು ಆಸ್ಪತ್ರೆಗೆ ಏರುವ ಸರಕಾರಿ ಚಿಕಿತ್ಸಾ ವ್ಯವಸ್ಥೆಯಲ್ಲಿ ಒಂದು ಜಿಲ್ಲೆಯ ಮಟ್ಟಿಗೆ ಕೊನೆಯ ನೆಲೆ. ವಾಸ್ತವದಲ್ಲಿ ಮಂಗಳೂರು, ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿಯವರ ಜೊತೆಗೆ ಉಡುಪಿ ಮತ್ತು ಉತ್ತರ ಕನ್ನಡದ ಕರಾವಳಿಯವರು, ಘಟ್ಟದ ಮೇಲಿನ ಚಿಕ್ಕಮಗಳೂರು, ಹಾಸನ, ಕೊಡಗಿನವರು, ರಾಜ್ಯದ ಗಡಿಯಾಚೆಗಿನ ಕಾಸರಗೋಡಿನವರು ಅದರ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುತ್ತಾರೆ. 900ಕ್ಕೂ ಹೆಚ್ಚು ಹಾಸಿಗೆಗಳ ಈ ಆಸ್ಪತ್ರೆಗೆ ಹಣ, ಹುದ್ದೆ, ಔಷಧಗಳನ್ನು ಒಂದು ಜಿಲ್ಲೆಯ ಲೆಕ್ಕದಲ್ಲಿ ಕೊಡಲಾಗುತ್ತದೆ. ಅದು ಹೊರುವ ಭಾರ ಎರಡು ರಾಜ್ಯಗಳ ಆರೇಳು ಜಿಲ್ಲೆಗಳದ್ದು. ಈ ಅಂತರ ಹೇಗೆ ಹುಟ್ಟಿತು, ಅದನ್ನು ಇಷ್ಟು ಕಾಲ ಯಾರು ತುಂಬಿಕೊಟ್ಟರು, ಅದು ತುಂಬದೆ ಉಳಿದಾಗ ಏನಾಯಿತು ಎಂಬುದನ್ನು ಅರಿಯದೆ ಕರಾವಳಿಯ ಆರೋಗ್ಯದ ಕುರಿತ ಯಾವ ಚರ್ಚೆಯೂ ಪೂರ್ಣವಾಗದು.

ದಾರಿಗಳು ಕೂಡುವಲ್ಲಿ

ಟಿಪ್ಪು ಸುಲ್ತಾನನ ಪತನದ ಬಳಿಕ, 1799ರಲ್ಲಿ, ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಆಡಳಿತದ ಕೈಸೇರಿತು. ಬಂದರು, ಕಚೇರಿ, ನ್ಯಾಯಾಲಯಗಳು ನೆಲೆಗೊಂಡ ಮಂಗಳೂರಿನಲ್ಲಿ ಕಂಪನಿಯು 1848ರಲ್ಲಿ ಆರಂಭಿಸಿದ ಆಸ್ಪತ್ರೆಯೇ ಮುಂದೆ 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಅವರ ಹೆಸರನ್ನು ಪಡೆಯಿತು. ಅದರ ನೆರೆಯಲ್ಲಿರುವ ಹೆರಿಗೆ ಮತ್ತು ಸ್ತ್ರೀರೋಗ ಚಿಕಿತ್ಸೆಯ ಲೇಡಿ ಗೋಶನ್ ಆಸ್ಪತ್ರೆಯು 1920ರ ದಶಕದಲ್ಲಿ ಮದರಾಸಿನ ಗವರ್ನರ್ ಆಗಿದ್ದ ಗೋಶನ್ ಅವರ ಪತ್ನಿಯ ಹೆಸರನ್ನು ಹೊತ್ತಿದೆ. ಎರಡು ಆಸ್ಪತ್ರೆಗಳೂ ಸೇರಿ ಸರಕಾರಿ ಚಿಕಿತ್ಸೆಯ ಒಂದು ಆವರಣವನ್ನು ನಗರದ ನಡುವಿನ ಹಂಪನಕಟ್ಟೆಯಲ್ಲಿ ಕಟ್ಟಿಕೊಟ್ಟವು.

ಈ ಜಾಗದ ಮಹತ್ವವನ್ನು ಹೆಚ್ಚಿಸಿದ್ದು ರೈಲು. ಮಲಬಾರಿನ ತೀರದುದ್ದಕ್ಕೂ ಉತ್ತರಕ್ಕೆ ಹಾಸುತ್ತ ಬಂದ ಹಳಿ 1907ರಲ್ಲಿ ಮಂಗಳೂರನ್ನು ತಲುಪಿದಾಗ ಅದರ ಕೊನೆಯ ನಿಲ್ದಾಣ ಬಂದು ನಿಂತದ್ದು ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ಬೆಳಗಿನ ರೈಲು ಹತ್ತಿದವರು ಬೇರೆ ವಾಹನದ ಹಂಗಿಲ್ಲದೆ ಹೊರರೋಗಿ ಚೀಟಿ ಮಾಡಿಸಿ, ವೈದ್ಯರನ್ನು ಕಂಡು, ಸಂಜೆಯ ರೈಲಿಗೆ ಮನೆ ಸೇರುವುದು ಸಾಧ್ಯವಾಯಿತು. ಪೂರ್ವದಿಂದ ಶಿರಾಡಿ, ಚಾರ್ಮಾಡಿ, ಸಂಪಾಜೆ ಘಾಟಿಗಳು ಸಕಲೇಶಪುರ, ಮೂಡಿಗೆರೆ, ಮಡಿಕೇರಿಯ ಕಡೆಯವರನ್ನು ಇಳಿಸಿ ತಂದವು. ಕಾಫಿ ತೋಟದ ಕಾರ್ಮಿಕನಿಗೆ ಕೆಳಗಿಳಿದು ಮಂಗಳೂರು ಸೇರುವುದು ಬೆಂಗಳೂರಿಗೆ ಹೋಗುವುದಕ್ಕಿಂತ ಎಂದೂ ಸುಲಭವಾಗಿತ್ತು. ಇಂದು ಹಾಸನ, ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳು ಬಂದಿದ್ದರೂ ತಲೆಗೆ ಪೆಟ್ಟು, ಸುಟ್ಟಗಾಯ, ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಉಸಿರಾಟದ ತೊಂದರೆಯಂಥ ಪ್ರಕರಣಗಳಲ್ಲಿ ಆಂಬುಲೆನ್ಸ್‌ಗಳು ಘಟ್ಟ ಇಳಿಯುವುದು ನಿಂತಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚಿದರೆ ಅದು ಕರಾವಳಿಯ ಪತ್ರಿಕೆಗಳಿಗೆ ಸಂಚಾರದ ಸುದ್ದಿ ಮಾತ್ರ ಆಗಿರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದ ಭೂಕುಸಿತದಿಂದ ಸಂಪಾಜೆಯ ದಾರಿ ಕಡಿದುಹೋದಾಗ ಕೊಡಗಿನ ಒಂದು ಪಾಲಿಗೆ ದೊಡ್ಡಾಸ್ಪತ್ರೆಯೂ ದೂರವಾಯಿತು.

ಮಂಗಳೂರು ಚಿಕಿತ್ಸೆಯ ಊರಾಗಿ ಬೆಳೆದುದರಲ್ಲಿ ಸರಕಾರದ ಪಾತ್ರವೊಂದೇ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಜರ್ಮನ್ ಮೂಲದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯವನ್ನು ತೆರೆದು, ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ಕಟ್ಟಿದರು. ಸಮಾಜ ಹೊರಗಿಟ್ಟವರಿಗೆ ಒಳಗೆ ಜಾಗ ಕೊಡುವ ಆ ಪದ್ಧತಿ ಈ ನಗರದ ಆಸ್ಪತ್ರೆಗಳ ಚರಿತ್ರೆಯ ಅತ್ಯಂತ ಘನವಾದ ಭಾಗ.

1950ರ ದಶಕದ ಒಪ್ಪಂದ

ವೆನ್ಲಾಕ್ ಇಂದಿರುವಂತೆ ರೂಪುಗೊಳ್ಳಲು ಕಾರಣವಾದ ಘಟನೆ ನಡೆದದ್ದು ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ. ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದಿದ್ದ, ಉಡುಪಿಯಲ್ಲಿ 1925ರಲ್ಲಿ ಬ್ಯಾಂಕನ್ನು ಕಟ್ಟಿ ನಿತ್ಯದ ಚಿಕ್ಕ ಉಳಿತಾಯವನ್ನು ಬಂಡವಾಳವಾಗಿ ಮಾರ್ಪಡಿಸುವ ಬಗೆಯನ್ನು ತೋರಿಸಿದ್ದ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ವೈದ್ಯಕೀಯ ಶಿಕ್ಷಣಕ್ಕೆ ಎರಡು ಹಂತಗಳಿವೆ: ದೇಹರಚನೆ, ಶರೀರಕ್ರಿಯೆ ಮೊದಲಾದವನ್ನು ತರಗತಿ ಮತ್ತು ಪ್ರಯೋಗಾಲಯಗಳಲ್ಲಿ ಕಲಿಯುವುದು ಪೂರ್ವ ಹಂತ, ರೋಗಿಯ ಹಾಸಿಗೆಯ ಬದಿಯಲ್ಲಿ ನಿಂತು ಪರೀಕ್ಷೆ, ನಿದಾನ, ಚಿಕಿತ್ಸೆಗಳನ್ನು ಕಲಿಯುವುದು ಉತ್ತರ ಹಂತ. ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಕಟ್ಟಡ ಕಟ್ಟಬಹುದಿತ್ತು, ಅಧ್ಯಾಪಕರನ್ನು ಕರೆತರಬಹುದಿತ್ತು. ನೂರಾರು ಬಗೆಯ ಕಾಯಿಲೆಗಳ ರೋಗಿಗಳನ್ನು ಮಾತ್ರ ಹೊಸದಾಗಿ ಒದಗಿಸುವಂತಿರಲಿಲ್ಲ. ಜಿಲ್ಲೆ ಆಗ ಮದರಾಸು ರಾಜ್ಯದ ಭಾಗವಾಗಿತ್ತು. ಆ ಸರಕಾರದೊಡನೆ ಆದ ಒಪ್ಪಂದದಂತೆ ವಿದ್ಯಾರ್ಥಿಗಳ ಉತ್ತರ ಹಂತದ ಕಲಿಕೆಗೆ ವೆನ್ಲಾಕ್ ತೆರೆದುಕೊಂಡಿತು. ಮರುವರ್ಷಗಳಲ್ಲಿ ರಾಜ್ಯ ಬದಲಾಯಿತು, ಕಾಲೇಜು ಮಣಿಪಾಲ ಮತ್ತು ಮಂಗಳೂರುಗಳಲ್ಲಿ ಎರಡಾಯಿತು, 1993ರಲ್ಲಿ ಅದರ ಮಾತೃಸಂಸ್ಥೆ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಆದರೆ ಆ ಬಾಂಧವ್ಯ ಏಳು ದಶಕಗಳಿಂದ ಮುಂದುವರಿದಿದೆ. ಸರಕಾರ ಮತ್ತು ಖಾಸಗಿಯವರ ಸಹಭಾಗಿತ್ವ ಎಂಬ ಪದ ಯೋಜನಾ ವರದಿಗಳಿಗೆ ಬರುವುದಕ್ಕೆ ಬಹಳ ಮೊದಲೇ ಅದರ ಒಂದು ಮಾದರಿ ಇಲ್ಲಿ ನಡೆಯುತ್ತಿತ್ತು.

ಈ ವ್ಯವಸ್ಥೆ ನಡೆಯುವ ಬಗೆ ಹೀಗಿದೆ. ಕಟ್ಟಡ, ಹಾಸಿಗೆ, ಶುಶ್ರೂಷಕಿಯರು, ಔಷಧ, ಊಟ ಸರಕಾರದ ಹೊಣೆ. ಸರಕಾರಿ ತಜ್ಞರ ಜೊತೆಯಲ್ಲಿ ಕಾಲೇಜಿನ ಪ್ರಾಧ್ಯಾಪಕರು ತಮ್ಮ ಘಟಕಗಳನ್ನು ನಡೆಸುತ್ತಾರೆ. ಘಟಕವೆಂದರೆ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ಕೆಲವು ಕಿರಿಯ ವೈದ್ಯರು, ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಪದವಿ ಮುಗಿಸಿ ಒಂದು ವರ್ಷದ ಕಡ್ಡಾಯ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ಇರುವ ತಂಡ. ವಾರದ ನಿಗದಿತ ದಿನ ಬಂದ ರೋಗಿಗಳು ಆ ದಿನದ ಘಟಕಕ್ಕೆ ಸೇರುತ್ತಾರೆ, ಬಿಡುಗಡೆಯಾಗುವವರೆಗೂ ಅದೇ ತಂಡದ ಹೊಣೆಯಾಗಿರುತ್ತಾರೆ. ಸಾಮಾನ್ಯ ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಕರ್ತವ್ಯದಲ್ಲಿರುವವರು ಒಬ್ಬಿಬ್ಬರು ವೈದ್ಯರು. ಬೋಧಕ ಆಸ್ಪತ್ರೆಯಲ್ಲಿ ಆ ಹೊತ್ತಿಗೂ ಪ್ರತಿ ವಿಭಾಗದಲ್ಲಿ ಎಚ್ಚರವಿರುವ ಕಿರಿಯ ವೈದ್ಯರಿರುತ್ತಾರೆ, ಅವರ ಹಿಂದೆ ಕರೆದರೆ ಬರಬೇಕಾದ ಹಿರಿಯರಿರುತ್ತಾರೆ. ಜಿಲ್ಲಾ ಆಸ್ಪತ್ರೆಯ ಅಂದಾಜಿನಲ್ಲಿ ನಡೆಯುವ ಸಂಸ್ಥೆಯೊಂದು ಇಷ್ಟು ದೊಡ್ಡ ಪ್ರದೇಶದ ರೋಗಿಗಳನ್ನು ತಾಳಿಕೊಂಡದ್ದರ ಗುಟ್ಟು ಇದೇ: ಸರಕಾರ ಮಂಜೂರು ಮಾಡದ ಕೈಗಳನ್ನು ವೈದ್ಯಕೀಯ ಶಿಕ್ಷಣ ಒದಗಿಸಿತು.

ಇದರ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಬಡ ರೋಗಿಯ ದೇಹದ ಮೇಲೆ ಕಲಿತ ವಿದ್ಯೆ ಬಹುಪಾಲು ಬೇರೆ ನಗರ, ಬೇರೆ ದೇಶಗಳಲ್ಲಿ ಬಳಕೆಯಾಯಿತು. ದುಬಾರಿ ಶುಲ್ಕ ತೆತ್ತು ಓದುವ ಕಾಲೇಜಿಗೆ ಸರಕಾರಿ ಆಸ್ಪತ್ರೆಯೇ ಪಾಠಶಾಲೆಯಾದಾಗ, ಆ ಊರಿನ ಬಡ ವಿದ್ಯಾರ್ಥಿಗೆ ಕಡಿಮೆ ಶುಲ್ಕದ ಸರಕಾರಿ ಕಾಲೇಜು ಏಕಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ದಕ್ಷಿಣ ಕನ್ನಡದಲ್ಲಿ ಸುಳ್ಯದ್ದೂ ಸೇರಿ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳು ಬೆಳೆದಿವೆ, ಅವುಗಳಲ್ಲಿ ಮೂರು ದೇರಳಕಟ್ಟೆಯ ಸುತ್ತಮುತ್ತಲೇ ಇವೆ. ಸರಕಾರಿ ಕಾಲೇಜಿಗಾಗಿ ಪುತ್ತೂರಿನಲ್ಲಿ ದೀರ್ಘಕಾಲದ ಹೋರಾಟವೇ ನಡೆದಿದೆ. ಒಪ್ಪಂದವು ಕೊಟ್ಟದ್ದು ದೊಡ್ಡದು ಎಂಬುದನ್ನು ಒಪ್ಪಿಕೊಂಡೇ, ಅದು ಸರಕಾರಕ್ಕೆ ತನ್ನದೇ ಹೊಣೆಯನ್ನು ಮುಂದೂಡುವ ಅನುಕೂಲವನ್ನೂ ಕೊಟ್ಟಿತು ಎಂದು ಹೇಳಬೇಕಾಗುತ್ತದೆ.

ರಾಜ್ಯದ ಗೆರೆ, ರೋಗಿಯ ನಡೆ

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ದಕ್ಷಿಣ ಕೆನರಾ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೂ ಅದರ ಕಾಸರಗೋಡು ತಾಲೂಕು ಕೇರಳಕ್ಕೂ ಸೇರಿದವು. ಅದುವರೆಗೆ ಕಾಸರಗೋಡಿನವರಿಗೆ ವೆನ್ಲಾಕ್ ತಮ್ಮದೇ ಜಿಲ್ಲೆಯ ಆಸ್ಪತ್ರೆ. ಆ ದಿನದಿಂದ ಅದು ಕಾನೂನಿನ ದೃಷ್ಟಿಯಲ್ಲಿ ನೆರೆರಾಜ್ಯದ್ದಾಯಿತು. ಕಯ್ಯಾರ ಕಿಞ್ಞಣ್ಣ ರೈಯವರಂಥ ಕವಿಗಳು ಮುಂಚೂಣಿಯಲ್ಲಿದ್ದ ವಿಲೀನೀಕರಣ ಹೋರಾಟ, ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ, ಅದು ಜಾರಿಯಾಗದೆ ಉಳಿದದ್ದು ಎಲ್ಲವೂ ಕನ್ನಡಿಗರು ಬಲ್ಲ ಚರಿತ್ರೆ. ಆ ಚರಿತ್ರೆಯನ್ನು ಭಾಷೆಯ ಪ್ರಶ್ನೆಯಾಗಿ ಮಾತ್ರ ಓದುವ ರೂಢಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳದೆ ಹೋಗುತ್ತದೆ: ಗಡಿಯ ಆಚೆಗೆ ಉಳಿದವರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವವರೆಲ್ಲರೂ ಇದ್ದರು, ಕಾಯಿಲೆ ಬಿದ್ದಾಗ ಅವರೆಲ್ಲರೂ ಉತ್ತರಕ್ಕೇ ಹೊರಟರು. ಮಂಜೇಶ್ವರಕ್ಕೆ ಮಂಗಳೂರು 20 ಕಿಲೋಮೀಟರ್‌ಗಳ ಆಸುಪಾಸು, ಕಾಸರಗೋಡಿಗೆ ಸುಮಾರು 50. ತಮ್ಮದೇ ರಾಜ್ಯದ ದೊಡ್ಡ ಆಸ್ಪತ್ರೆಗೆ ಅವರು ದಕ್ಷಿಣದ ಕಣ್ಣೂರಿನ ಕಡೆಗೆ ಅದಕ್ಕಿಂತ ಹೆಚ್ಚು ದೂರ ಹೋಗಬೇಕಿತ್ತು.

ಕೇರಳದ ಆರೋಗ್ಯ ವ್ಯವಸ್ಥೆಗೆ ದೇಶದಲ್ಲಿ ಒಳ್ಳೆಯ ಹೆಸರಿದೆ. ಆದರೂ ಅದರ ಉತ್ತರ ತುದಿಯ ಜಿಲ್ಲೆಗೆ, 2011ರ ಜನಗಣತಿಯಂತೆ 13 ಲಕ್ಷ ಜನರಿರುವ ಕಾಸರಗೋಡಿಗೆ, ಸರಕಾರಿ ವೈದ್ಯಕೀಯ ಕಾಲೇಜಿನ ಶಂಕುಸ್ಥಾಪನೆ ಆದದ್ದು 2013ರಲ್ಲಿ, ಉಕ್ಕಿನಡ್ಕದಲ್ಲಿ. ಕಟ್ಟಡದ ಕೆಲಸ ಎಷ್ಟು ನಿಧಾನವಾಗಿ ಸಾಗಿತೆಂದರೆ ಏಳು ವರ್ಷಗಳ ಬಳಿಕ ಸಾಂಕ್ರಾಮಿಕ ಬಂದಾಗಲೂ ಅಲ್ಲಿ ಆಸ್ಪತ್ರೆ ಇರಲಿಲ್ಲ. ಮಂಗಳೂರು ಹತ್ತಿರವಿರುವುದೇ ಈ ವಿಳಂಬಕ್ಕೆ ಮೌನಸಮ್ಮತಿ ಕೊಟ್ಟಿತು ಎನ್ನದೆ ವಿಧಿಯಿಲ್ಲ. ಗಡಿಯ ಒಂದು ಬದಿಯ ಸರಕಾರ ತನ್ನ ಜನರನ್ನು ಇನ್ನೊಂದು ಬದಿಯ ಆಸ್ಪತ್ರೆ ನೋಡಿಕೊಳ್ಳುತ್ತದೆ ಎಂದು ಭಾವಿಸಿತು. ಇನ್ನೊಂದು ಬದಿಯ ಸರಕಾರ ತನ್ನ ಆಸ್ಪತ್ರೆಗೆ ಬರುವ ಹೊರಗಿನವರನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ.

2020ರ ಮಾರ್ಚ್‌ನಲ್ಲಿ ಈ ಅಲಿಖಿತ ವ್ಯವಸ್ಥೆ ಮುರಿದುಬಿತ್ತು. ದೇಶವ್ಯಾಪಿ ದಿಗ್ಬಂಧನದೊಂದಿಗೆ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನೂ ಗಡಿಯ ಒಳರಸ್ತೆಗಳನ್ನೂ ಮುಚ್ಚಿತು. ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಯಿತು. ಕಾಸರಗೋಡು ಆಗ ದೇಶದಲ್ಲೇ ಅತಿ ಹೆಚ್ಚು ಸೋಂಕು ಕಂಡಿದ್ದ ಜಿಲ್ಲೆಗಳಲ್ಲಿ ಒಂದಾಗಿದ್ದುದರಿಂದ ಮಂಗಳೂರಿನ ಭಯಕ್ಕೆ ಕಾರಣವಿರಲಿಲ್ಲ ಎನ್ನಲಾಗದು. ಆದರೆ ಹೃದಯದ ತೊಂದರೆಯವರು, ವಾರಕ್ಕೆ ಎರಡು ಮೂರು ಬಾರಿ ಯಂತ್ರದ ಮೂಲಕ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಾದ ಮೂತ್ರಪಿಂಡದ ರೋಗಿಗಳು, ತುಂಬುಗರ್ಭಿಣಿಯರು ಸೋಂಕಿನವರಾಗಿರಲಿಲ್ಲ; ಆಂಬುಲೆನ್ಸ್‌ಗಳು ಗಡಿಯಿಂದ ಹಿಂದಿರುಗಿದವು, ಸಮಯಕ್ಕೆ ಚಿಕಿತ್ಸೆ ದೊರೆಯದೆ ಹಲವರು ತೀರಿಕೊಂಡರು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್ 1ರಂದು ಅದು ತುರ್ತು ರೋಗಿಗಳಿಗೆ ದಾರಿ ತೆರೆಯುವಂತೆ ಆದೇಶಿಸಿತು. ಸುಪ್ರೀಂ ಕೋರ್ಟ್ ಎರಡೂ ಸರಕಾರಗಳು ಕೂಡಿ ನಿಯಮ ರೂಪಿಸಲು ಹೇಳಿತು. ಏಪ್ರಿಲ್ 7ರ ಹೊತ್ತಿಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ಗಡಿಯಲ್ಲಿನ ತಪಾಸಣೆಯ ಷರತ್ತಿನೊಡನೆ ಸೋಂಕಿಲ್ಲದ ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಅದೇ ದಿನಗಳಲ್ಲಿ ಉಕ್ಕಿನಡ್ಕದ ಅಪೂರ್ಣ ಕಟ್ಟಡವನ್ನು ಕೇರಳ ಸರಕಾರ ಅವಸರದಿಂದ ಕೋವಿಡ್ ಆಸ್ಪತ್ರೆಯಾಗಿ ಮಾರ್ಪಡಿಸಿ, ತಿರುವನಂತಪುರದಿಂದ ವೈದ್ಯರ ತಂಡವನ್ನು ಕಳುಹಿಸಬೇಕಾಯಿತು. 1956ರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ ರೋಗಿಗೆ ನಿಜವಾಗಿ ಅಡ್ಡ ಬಂದದ್ದು ಅರುವತ್ತನಾಲ್ಕನೆಯ ವರ್ಷದಲ್ಲಿ.

ಇದೇ ಕಾಲಕ್ಕೆ ವೆನ್ಲಾಕ್ ಅನ್ನು ಪೂರ್ಣವಾಗಿ ಕೋವಿಡ್ ಆಸ್ಪತ್ರೆಯಾಗಿ ಪರಿವರ್ತಿಸಿದ್ದರಿಂದ ಅಲ್ಲಿದ್ದ ಇತರ ರೋಗಿಗಳನ್ನು ನಗರದ ಖಾಸಗಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಖಾಸಗಿ ಹಾಸಿಗೆಗಳು ಆಪತ್ತಿನಲ್ಲಿ ಸಾರ್ವಜನಿಕ ಕೆಲಸಕ್ಕೆ ಒದಗಬಲ್ಲವು ಎಂಬುದು ಆಗ ಸಿದ್ಧವಾಯಿತು. ಆಪತ್ತಿಲ್ಲದ ದಿನಗಳಲ್ಲಿ ಹಾಗೇಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ಮಾತ್ರ ಯಾರೂ ಉತ್ತರಿಸಬೇಕಾಗಿ ಬರಲಿಲ್ಲ.

ಗಡಿಯನ್ನು ಕಾಯಿಲೆಯೂ ಗಮನಿಸುವುದಿಲ್ಲ ಎಂಬುದಕ್ಕೆ ಎಂಡೋಸಲ್ಫಾನ್‌ಗಿಂತ ಕಹಿಯಾದ ಸಾಕ್ಷಿ ಬೇಡ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಈ ಕೀಟನಾಶಕ ಕಾಸರಗೋಡಿನ ಹಳ್ಳಿಗಳಲ್ಲೂ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗಳಲ್ಲೂ ಒಂದೇ ಬಗೆಯ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳ ದೂರುಗಳನ್ನು ಉಳಿಸಿಹೋಯಿತು. ಸಿಂಪಡಣೆ ನಡೆಸಿದ್ದು ಎರಡೂ ರಾಜ್ಯಗಳ ಸರಕಾರಿ ನಿಗಮಗಳೇ. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ನಿಷೇಧಿಸಿತು. ಸಂತ್ರಸ್ತರ ಪಟ್ಟಿ, ಪರಿಹಾರ, ಮಾಸಾಶನಗಳು ಮಾತ್ರ ಇಂದಿಗೂ ರಾಜ್ಯವಾರು ಬೇರೆಬೇರೆ.

ವಾರ್ಡಿನ ಲೋಕ

ಈ ಆಸ್ಪತ್ರೆಯ ನಿತ್ಯಜೀವನದಲ್ಲಿ ಭಾಷೆ ಒಂದು ಚಿಕಿತ್ಸಾ ಸಾಮಗ್ರಿ. ದೇಶದ ಬೇರೆಬೇರೆ ಮೂಲೆಗಳಿಂದ ಕಲಿಯಲು ಬಂದ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ತುಳುವಿನಲ್ಲಿ ‘ದಾನೆ ಆಪುಂಡು’ ಎಂದು ಕೇಳುವುದನ್ನು, ಬಳಿಕ ಬಂದ ಉತ್ತರವನ್ನು ಅರ್ಥ ಮಾಡಿಕೊಳ್ಳುವುದನ್ನು. ರೋಗದ ಇತಿಹಾಸ, ಎಂದರೆ ತೊಂದರೆ ಯಾವಾಗ ಶುರುವಾಯಿತು, ಹೇಗೆ ಹೆಚ್ಚಿತು, ಮೊದಲು ಏನು ಮದ್ದು ಮಾಡಿದರು ಎಂಬ ವಿವರ, ನಿದಾನದ ಅರ್ಧ ಭಾಗ. ಅದನ್ನು ಮಲಯಾಳದಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳುವ ರೋಗಿಯಿಂದ ಹೊರತೆಗೆಯಲು ಪಕ್ಕದ ಹಾಸಿಗೆಯವರು, ಆಯಾಗಳು, ಶುಶ್ರೂಷಕಿಯರು ದುಭಾಷಿಗಳಾಗುತ್ತಾರೆ. ಐದಾರು ಭಾಷೆ ಬಲ್ಲ ಹಿರಿಯ ಶುಶ್ರೂಷಕಿಯೊಬ್ಬರು ಹೊಸ ವೈದ್ಯರಿಗೆ ಮಾಡುವ ಸಹಾಯ ಯಾವ ಸೇವಾ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಈಚಿನ ವರ್ಷಗಳಲ್ಲಿ ಕಟ್ಟಡ ಕೆಲಸ, ಮೀನುಗಾರಿಕೆ, ಹೋಟೆಲುಗಳಿಗಾಗಿ ಬಂದ ಉತ್ತರ ಕರ್ನಾಟಕದ ಮತ್ತು ಉತ್ತರ ಭಾರತದ ಕಾರ್ಮಿಕರು ಹಾಸಿಗೆಗಳಲ್ಲಿ ಹೆಚ್ಚಿರುವುದರಿಂದ ಹಿಂದಿ, ಬಂಗಾಳಿಗಳೂ ಆ ಪಟ್ಟಿಗೆ ಸೇರಿವೆ.

ಮಳೆಗಾಲ ಬಂತೆಂದರೆ ಜ್ವರದ ವಾರ್ಡುಗಳು ತುಂಬುತ್ತವೆ. ಗದ್ದೆ ಮತ್ತು ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಯ ಮೂತ್ರದಿಂದ ನೀರಿಗೆ ಸೇರಿದ ಸೂಕ್ಷ್ಮಜೀವಿಯಿಂದ ತಗಲುವ ಇಲಿಜ್ವರ, ನಿಂತ ನೀರಿನ ಸೊಳ್ಳೆಯಿಂದ ಹರಡುವ ಡೆಂಗಿ, ಇವೆರಡಕ್ಕಿಂತ ಹಠಮಾರಿಯಾದ ಮಲೇರಿಯಾ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಬಹುದೊಡ್ಡ ಪಾಲು ಹಲವು ವರ್ಷ ಮಂಗಳೂರು ನಗರದ್ದೇ ಆಗಿದ್ದುದಕ್ಕೆ ಕಾರಣ ಅದರ ಬೆಳವಣಿಗೆಯಲ್ಲೇ ಇದೆ. ನಗರದ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೆಫನ್ಸಿ ಸೊಳ್ಳೆ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಬಹುಮಹಡಿ ಕಟ್ಟಡದ ತಾರಸಿಯಲ್ಲಿ ಕಾಂಕ್ರೀಟು ಗಟ್ಟಿಯಾಗಲೆಂದು ಕಟ್ಟಿ ನಿಲ್ಲಿಸುವ ನೀರು ಅದಕ್ಕೆ ಹೇಳಿಮಾಡಿಸಿದ ಜಾಗ, ಅದರಡಿಯ ಮಹಡಿಯಲ್ಲಿ ಮಲಗುವವರು ಅದೇ ಕಟ್ಟಡದ ಕೂಲಿಗಳು. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಪರೋಪಜೀವಿ ಜ್ವರ ಇಳಿದ ಮೇಲೂ ಯಕೃತ್ತಿನಲ್ಲಿ ಸುಪ್ತವಾಗಿದ್ದು ತಿಂಗಳುಗಳ ಬಳಿಕ ಮರುಕಳಿಸಬಲ್ಲದು. ಅದನ್ನು ನಿರ್ಮೂಲಮಾಡಲು 14 ದಿನ ಪ್ರಿಮಾಕ್ವಿನ್ ಮಾತ್ರೆ ನುಂಗಬೇಕು. ದಿನಗೂಲಿಯವನು ಮೂರನೆಯ ದಿನ ಜ್ವರ ಬಿಟ್ಟೊಡನೆ ಕೆಲಸಕ್ಕೆ ಮರಳುತ್ತಾನೆ, ಗುತ್ತಿಗೆ ಮುಗಿದೊಡನೆ ಊರು ಬಿಡುತ್ತಾನೆ. ಉಳಿದ ಮಾತ್ರೆ ಉಳಿದೇ ಹೋಗುತ್ತದೆ. ಆಸ್ಪತ್ರೆಯ ಚಿಕಿತ್ಸೆ ಯಶಸ್ವಿಯಾಗುವುದು ಪಾಲಿಕೆ, ಕಟ್ಟಡದ ಮಾಲಿಕ, ಗುತ್ತಿಗೆದಾರ ತಮ್ಮ ಪಾಲಿನ ಕೆಲಸ ಮಾಡಿದಾಗ ಮಾತ್ರ.

ಒಳರೋಗಿಯ ಜೊತೆಗೆ ನಿಲ್ಲುವವರನ್ನು ಕರಾವಳಿಯಲ್ಲಿ ಬೈಸ್ಟ್ಯಾಂಡರ್ ಎನ್ನುತ್ತಾರೆ. ಔಷಧ ತರುವುದು, ರಕ್ತದ ಮಾದರಿ ಪ್ರಯೋಗಾಲಯಕ್ಕೆ ಮುಟ್ಟಿಸುವುದು, ರಕ್ತದಾನಿಯನ್ನು ಹುಡುಕುವುದು, ರೋಗಿಯನ್ನು ಹೊರಳಿಸಿ ಮಲಗಿಸುವುದು ಇವರ ಕೆಲಸ. ರೋಗಿಗೆ ಆಸ್ಪತ್ರೆ ಊಟ ಕೊಡುತ್ತದೆ. ಕೂಲಿ ಬಿಟ್ಟು ಬಂದು ವಾರಗಟ್ಟಲೆ ವರಾಂಡದಲ್ಲಿ ಮಲಗುವ ಇವರಿಗೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಅನ್ನವಿಲ್ಲ. ಈ ಕೊರತೆಯನ್ನು ಗುರುತಿಸಿದ್ದು ನಾಗರಿಕರು. ಎಂ. ಫ್ರೆಂಡ್ಸ್ ಟ್ರಸ್ಟ್ ‘ಕಾರುಣ್ಯ’ ಎಂಬ ಹೆಸರಿನಲ್ಲಿ ಜಾತಿ, ಮತ, ಊರು ಕೇಳದೆ ರಾತ್ರಿಯ ಊಟವನ್ನು ಹಂಚುತ್ತ ಬಂದಿದೆ; ಮದುವೆ, ಹುಟ್ಟುಹಬ್ಬ, ತಿಥಿಗಳ ನೆಪದಲ್ಲಿ ಒಂದು ದಿನದ ಖರ್ಚನ್ನು ವಹಿಸಿಕೊಳ್ಳುವ ರೂಢಿ ಇಂಥ ಸೇವೆಗಳಿಂದ ಬಲಗೊಂಡಿದೆ. ಕೋಮು ವೈಷಮ್ಯದ ಸುದ್ದಿಗಳಿಗೆ ಪದೇಪದೇ ಹೆಸರಾಗುವ ಜಿಲ್ಲೆಯಲ್ಲಿ ಎಲ್ಲ ಸಮುದಾಯದವರೂ ಪಕ್ಕಪಕ್ಕದ ಹಾಸಿಗೆಯಲ್ಲಿ ಮಲಗುವ, ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರುವ ಕೆಲವೇ ಸ್ಥಳಗಳಲ್ಲಿ ಸರಕಾರಿ ಆಸ್ಪತ್ರೆ ಒಂದು ಎಂಬುದನ್ನು ಗಟ್ಟಿಯಾಗಿ ಹೇಳಬೇಕು.

ಆಸ್ಪತ್ರೆಯ ಕರ್ತವ್ಯ ಜೀವ ಹೋದ ಮೇಲೂ ಮುಗಿಯುವುದಿಲ್ಲ. ಅಪಘಾತ, ಆತ್ಮಹತ್ಯೆ, ಅಸಹಜ ಸಾವುಗಳಲ್ಲಿ ಶವಪರೀಕ್ಷೆ ನಡೆಸಿ ಕಾರಣವನ್ನು ದಾಖಲಿಸುವುದು ಕಾನೂನು ವಿಧಿಸಿದ ಕೆಲಸ. ವಿಮೆ, ಪರಿಹಾರ, ನ್ಯಾಯಾಲಯದ ವಿಚಾರಣೆ ಎಲ್ಲವೂ ಅದನ್ನು ಆಧರಿಸಿರುತ್ತವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಯನ್ನು ಮೀರಿ ಕೆಂಜಾರಿನ ಕಣಿವೆಗೆ ಉರುಳಿ 158 ಮಂದಿ ಸತ್ತು ಕೇವಲ 8 ಮಂದಿ ಉಳಿದಾಗ, ಸುಟ್ಟು ಕರಕಲಾದ ದೇಹಗಳನ್ನು ತಂದದ್ದು ವೆನ್ಲಾಕ್‌ನ ಶವಾಗಾರಕ್ಕೆ. ಗಡಿಯ ಎರಡೂ ಬದಿಯ ಕುಟುಂಬಗಳು, ಅವರಲ್ಲಿ ಕಾಸರಗೋಡಿನವರು ಅನೇಕರು, ಅಲ್ಲಿ ಸೇರಿದರು. ಆಭರಣ, ಬಟ್ಟೆಯ ತುಣುಕು, ಹಲ್ಲುಗಳಿಂದ ಗುರುತು ಹಿಡಿಯಲಾಗದ ದೇಹಗಳ ಅಂಶಗಳನ್ನು ಹೈದರಾಬಾದಿನ ಕೇಂದ್ರಕ್ಕೆ ಕಳುಹಿಸಿ ಬಂಧುಗಳ ರಕ್ತದ ಡಿಎನ್‌ಎಯೊಡನೆ ಹೋಲಿಸಲಾಯಿತು. ಡಿಎನ್‌ಎ ಎಂದರೆ ಜೀವಕೋಶದಲ್ಲಿರುವ, ತಂದೆತಾಯಿಯಿಂದ ಮಕ್ಕಳಿಗೆ ಹರಿದುಬರುವ ಗುರುತಿನ ಬರಹ. ಕೊನೆಗೂ ಯಾರದೆಂದು ತಿಳಿಯದ 12 ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿಯ ದಡದಲ್ಲಿ ಸಾಮೂಹಿಕವಾಗಿ ಮಣ್ಣುಮಾಡಲಾಯಿತು.

ಹೆಸರು ಬದಲಾದರೆ ಸಾಲದು

ಇಷ್ಟೊಂದು ಖಾಸಗಿ ಆಸ್ಪತ್ರೆಗಳಿರುವ ನಗರದಲ್ಲಿ ಸರಕಾರಿ ಆಸ್ಪತ್ರೆಯ ಮೇಲಿನ ಒತ್ತಡ ಏಕೆ ಇಳಿಯಲಿಲ್ಲ ಎಂಬುದಕ್ಕೆ ಬಡತನವೊಂದೇ ಉತ್ತರವಲ್ಲ. 2018ರಲ್ಲಿ ಕೇಂದ್ರದ ಯೋಜನೆಯೊಡನೆ ಬೆಸೆದುಕೊಂಡು ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಆದರೆ ತುರ್ತು ಪ್ರಕರಣಗಳನ್ನು ಬಿಟ್ಟರೆ ರೋಗಿ ಮೊದಲು ಸರಕಾರಿ ಆಸ್ಪತ್ರೆಗೆ ಬರಬೇಕು. ಬೇಕಾದ ಚಿಕಿತ್ಸೆ ಅಲ್ಲಿಲ್ಲ ಎಂದು ವೈದ್ಯರು ಬರೆದುಕೊಟ್ಟ ಶಿಫಾರಸು ಪತ್ರವಿದ್ದರೆ ಮಾತ್ರ ಖಾಸಗಿ ಆಸ್ಪತ್ರೆಯಲ್ಲಿ ಸರಕಾರದ ವೆಚ್ಚದ ಚಿಕಿತ್ಸೆ. ಸಾರ್ವಜನಿಕ ಹಣ ಪೋಲಾಗದಿರಲು ಈ ನಿಯಮ ಬೇಕೇ ಬೇಕು. ಅದರ ಫಲವಾಗಿ ಜಿಲ್ಲಾ ಆಸ್ಪತ್ರೆ ಚಿಕಿತ್ಸೆಯ ಮನೆಯಾಗಿರುವುದರ ಜೊತೆಗೆ ಇಡೀ ಪ್ರದೇಶದ ಖಾಸಗಿ ಚಿಕಿತ್ಸೆಯ ಹೆಬ್ಬಾಗಿಲೂ ಆಯಿತು, ಆ ಬಾಗಿಲನ್ನು ಕಾಯಲು ಹೆಚ್ಚಿನ ಸಿಬ್ಬಂದಿ ಬರಲಿಲ್ಲ. ಆರೋಗ್ಯ ಕರ್ನಾಟಕದ ಸೌಲಭ್ಯ ರಾಜ್ಯದ ನಿವಾಸಿಗಳದ್ದಾದುದರಿಂದ ಗಡಿಯಾಚೆಯ ರೋಗಿ ಅದೇ ವಾರ್ಡಿನಲ್ಲಿ ಮಲಗಿದ್ದರೂ ಬೇರೆ ಲೆಕ್ಕದಲ್ಲಿರುತ್ತಾನೆ.

ವೆನ್ಲಾಕ್ ಅನ್ನು ಪ್ರಾದೇಶಿಕ ಆಸ್ಪತ್ರೆಯೆಂದು ಘೋಷಿಸಬೇಕೆಂಬ ಬೇಡಿಕೆ ಈ ಹಿನ್ನೆಲೆಯಲ್ಲಿ ಬಂದದ್ದು. ಬೇಡಿಕೆ ಸರಿಯಾದದ್ದೇ. ಆದರೆ ಫಲಕದ ಮೇಲಿನ ಹೆಸರು ಬದಲಾದರಷ್ಟೇ ಯಾವ ರೋಗಿಗೂ ಹಾಸಿಗೆ ಸಿಗದು. ಸರಕಾರಿ ಆಸ್ಪತ್ರೆಗಳ ಹಾಸಿಗೆ, ಹುದ್ದೆ, ಸಲಕರಣೆಗಳ ಪ್ರಮಾಣವನ್ನು ನಿಗದಿಪಡಿಸುವ ರಾಷ್ಟ್ರೀಯ ಮಾನದಂಡಗಳು ಜಿಲ್ಲಾ ಆಸ್ಪತ್ರೆಯನ್ನು ಆ ಜಿಲ್ಲೆಯ ಜನಸಂಖ್ಯೆಯಿಂದ ಅಳೆಯುತ್ತವೆ. 2011ರಲ್ಲಿ ದಕ್ಷಿಣ ಕನ್ನಡದ ಜನಸಂಖ್ಯೆ ಸುಮಾರು 20.9 ಲಕ್ಷ. ಕಾಸರಗೋಡಿನ 13 ಲಕ್ಷ, ಉಡುಪಿಯ ಸುಮಾರು 11.8 ಲಕ್ಷ, ಕೊಡಗಿನ 5.5 ಲಕ್ಷ ಜನರಲ್ಲಿ ಒಂದು ಸಣ್ಣ ಪಾಲು ಇಲ್ಲಿಗೆ ಬಂದರೂ ಆ ಅಳತೆ ಸುಳ್ಳಾಗುತ್ತದೆ. ಈಚಿನ ಸುಧಾರಣೆಗಳಿಗೆ ಹಣ ಬಂದ ಮೂಲಗಳನ್ನು ನೋಡಿದರೂ ಇದು ತಿಳಿಯುತ್ತದೆ: ವೆನ್ಲಾಕ್‌ನ ಶಸ್ತ್ರಚಿಕಿತ್ಸಾ ವಿಭಾಗದ ಹೊಸ ಕಟ್ಟಡ ನಗರಾಭಿವೃದ್ಧಿಯ ಸ್ಮಾರ್ಟ್ ಸಿಟಿ ಯೋಜನೆಯಿಂದ, ಲೇಡಿ ಗೋಶನ್‌ನ ಹೊಸ ಕಟ್ಟಡ ತೈಲ ಕಂಪನಿಯಾದ ಎಂಆರ್‌ಪಿಎಲ್‌ನ ಸಾಮಾಜಿಕ ಹೊಣೆಗಾರಿಕೆಯ ನಿಧಿಯ ನೆರವಿನಿಂದ. ಕಟ್ಟಡಕ್ಕೆ ಒಮ್ಮೆ ದಾನ ಕೊಡುವವರು ಸಿಗುತ್ತಾರೆ. ಅದರೊಳಗೆ ವರ್ಷವಿಡೀ ಕೆಲಸ ಮಾಡುವ ಅರಿವಳಿಕೆ ತಜ್ಞ, ನವಜಾತ ಶಿಶುಗಳ ವಾರ್ಡಿನ ಶುಶ್ರೂಷಕಿ, ಯಂತ್ರ ಕೆಟ್ಟರೆ ಸರಿಪಡಿಸುವ ತಂತ್ರಜ್ಞ ಇವರ ಸಂಬಳ ಸರಕಾರದ ಬೊಕ್ಕಸದಿಂದಲೇ ಬರಬೇಕು.

ಪ್ರಾದೇಶಿಕ ಆಸ್ಪತ್ರೆಯೊಂದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಸಾಕು. ಉತ್ತರ ಕನ್ನಡದಲ್ಲಿ ಕಾರವಾರದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಲ್ಲಿ ಆರಂಭವಾಗಿದ್ದರೂ ಗಂಭೀರ ರೋಗಿಗಳು ಇಂದಿಗೂ ಗೋವಾದ ಬಾಂಬೋಳಿಗೆ, ಹುಬ್ಬಳ್ಳಿಗೆ, ಮಣಿಪಾಲ ಮತ್ತು ಮಂಗಳೂರಿಗೆ ಹಂಚಿಹೋಗುತ್ತಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತ ಬಳಿಕ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಇಡೀ ಉತ್ತರ ಕನ್ನಡದ್ದಾಯಿತು. ಆ ಆಸ್ಪತ್ರೆ ಅಲ್ಲಿ, ಕಾಸರಗೋಡಿನಲ್ಲಿ ಪೂರ್ಣಪ್ರಮಾಣದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇನ್ನೊಂದೆಡೆ ನಿಂತರೆ ವೆನ್ಲಾಕ್‌ನ ಭಾರ ಖಂಡಿತ ಇಳಿಯುತ್ತದೆ. ಅಲ್ಲಿಯವರೆಗೆ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ. ಹೊರರೋಗಿ ಚೀಟಿ ಬರೆಯುವಾಗ ಕೇಳುವ ವಿಳಾಸವನ್ನು ಜಿಲ್ಲೆ ಮತ್ತು ತಾಲೂಕುವಾರು ಒಟ್ಟುಗೂಡಿಸಿ ಪ್ರತಿವರ್ಷ ಪ್ರಕಟಿಸಬೇಕು, ಆಸ್ಪತ್ರೆಯ ಅನುದಾನ ಮತ್ತು ಹುದ್ದೆಗಳ ಮಂಜೂರಾತಿಯನ್ನು ಆ ಸಂಖ್ಯೆಗೆ ಹೊಂದಿಸಬೇಕು, ಕಾಸರಗೋಡಿನ ರೋಗಿಗಳ ವೆಚ್ಚದ ಕುರಿತು ಎರಡು ಆರೋಗ್ಯ ಇಲಾಖೆಗಳು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. 2020ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ಒತ್ತಡದಲ್ಲಿ ಅಂಥದೊಂದು ಒಪ್ಪಂದ ಒಂದೇ ವಾರದಲ್ಲಿ ಸಾಧ್ಯವಾಗಿತ್ತು.